ಹಾಕದೆ ಬಿಟ್ಟ ಮೂರು ಗೀಟು

ಲಾಂಡ್ರಿ ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರಗಳು.

ಬರೆಯಲೋ ಬೇಡವೋ ಎಂದು ಎರಡು ಹಾಳೆ ಹರಿದು ಹಾಕಿದೆ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಬಂದ ಹೊಸದರಲ್ಲಿ ಪ್ರತಿ ಮೆಷಿನ್ನಿಗೂ ಒಂದೊಂದು ಪುಸ್ತಕ ಕೊಟ್ಟಿರಿ. "ಕೈ ಸಿಕ್ಕಿಬೀಳೋ ಹಾಗಾದಾಗಲೆಲ್ಲ ಒಂದು ಗೀಟು ಹಾಕಿ. ಯಾರಿಗೂ ಬೈಯಲ್ಲ. ಜಾಸ್ತಿ ಗೀಟಿರೋ ಮೆಷಿನ್ನಿಗೆ ಮೊದಲು ಕೈ ಒಳಗೆ ಹೋಗದ ಹಾಗೆ ಅಡ್ಡಕಂಬಿ ಹಾಕಿಸ್ತೀವಿ" ಅಂದಿರಿ. ನಾನು ನಂಬಲಿಲ್ಲ ಸಾರ್. ಹಿಂದಿನವರೂ ಹೀಗೇ ಕೇಳಿ, ಹೇಳಿದವರನ್ನೇ ಮನೆಗೆ ಕಳಿಸಿದ್ದರು.

ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ದೊಡ್ಡ ರೋಲರಿಗೆ ನನ್ನ ಓರಗಿತ್ತಿಯ ಅಂಗಿಯ ತೋಳು ಮೂರು ಸಲ ಸಿಕ್ಕಿತ್ತು. "ಈ ರೋಲರಿಗೆ ನನ್ನ ಮೇಲೇ ಕಣ್ಣು ನೋಡಕ್ಕ" ಎಂದು ನಗುತ್ತಿದ್ದಳು. ಅವಳ ಕೆಲಸ ಹೋದೀತೆಂದು ಹೆದರಿ ನಾನು ಒಂದೂ ಗೀಟು ಹಾಕಲಿಲ್ಲ. ನಮ್ಮ ಪುಸ್ತಕ ಖಾಲಿ ಇದ್ದದ್ದಕ್ಕೆ ಕಂಬಿ ಬೇರೆ ಮೆಷಿನ್ನಿಗೆ ಹೋಯಿತು. ನಾಲ್ಕನೇ ಸಲ ಅವಳ ಬಲಗೈಯ ಬೆರಳುಗಳು ಹೋದವು.

ಪುಸ್ತಕದಲ್ಲಿ ಗೀಟೇ ಇಲ್ಲ, ಹಾಗಾಗಿ ತಪ್ಪು ಅವಳದೇ ಎಂದು ವರದಿಯಲ್ಲಿದೆಯಂತೆ. ಅಲ್ಲ ಸಾರ್. ಮೂರು ತಾರೀಖನ್ನೂ ಈ ಹಾಳೆಯ ಹಿಂಬದಿಗೆ ಬರೆದಿದ್ದೇನೆ. ದಯವಿಟ್ಟು ಸೇರಿಸಿಕೊಳ್ಳಿ. ಬೇಕಾದರೆ ನನ್ನನ್ನು ತೆಗೆಯಿರಿ, ಅವಳಿಗೆ ಕೂತು ಮಾಡುವ ಕೆಲಸ ಕೊಡಿ. ಈಗ ಅವಳ ಜಡೆ ನಾನೇ ಹೆಣೆಯುತ್ತೇನೆ. ಸಿಕ್ಕು ಎಳೆದರೂ ಅಯ್ಯೋ ಅನ್ನುವುದಿಲ್ಲ.

ಇವತ್ತು ಬೆಳಿಗ್ಗೆ, ಅವಳ ಜಾಗಕ್ಕೆ ಬಂದ ಹುಡುಗಿಯ ಅಂಗಿಯ ತೋಳೂ ಸಿಕ್ಕಿತು. "ಬರೀಬೇಡಿ ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಅತ್ತಳು.

ಗೀಟು ಹಾಕಿದ್ದೇನೆ. ಅವಳಿಗೆ ಬೈಯಬೇಡಿ ಸಾರ್.

ಇಂತಿ,
ಇಸ್ತ್ರಿ ವಿಭಾಗದ ಮೇಲ್ವಿಚಾರಕಿ