ಬಾಚಣಿಗೆಯ ಬೆನ್ನು

ಮಾರ್ಚ್ 3, ರಾತ್ರಿ 2.10

ಟೊಂಯ್... ಒಂದೇ ಸದ್ದು. ಎಚ್ಚರವಾಯಿತು. ಮಂಚದ ಕೆಳಗಿಂದ. ಮುಚ್ಚಿದ ಪೆಟ್ಟಿಗೆಯೊಳಗೆ ಅಪ್ಪನ ಗಿಟಾರಿನ ತಂತಿ ತಾನಾಗಿಯೇ ಸಡಿಲಾಗಿದೆ. ಇದು ಮೂರನೇ ರಾತ್ರಿ.

ಮಗು ಇಸಾಯ್ ಬೆಚ್ಚಿ ಅತ್ತಳು. ಹಾಲು — ಎಡಗಡೆ, ಹನ್ನೆರಡು ನಿಮಿಷ. (ಈ ನೋಟ್‌ಬುಕ್ ತಂದದ್ದು ಹಾಲಿನ ಹೊತ್ತು ಬರೆದಿಡಲು. ಡಾಕ್ಟರ್ ಹೇಳಿದ್ದರು. ಈಗ ಏನೇನೋ ಬರೆಯುತ್ತಿದ್ದೇನೆ.)

ಗೋಡೆಯಾಚೆಯಿಂದ ಅಪ್ಪ, “ಇಂದಾಯ್, ಏನದು?” (ಈ ವಯಸ್ಸಿನಲ್ಲೂ ನಾನು ಅವರಿಗೆ ಇಂದಾಯ್, ಪುಟ್ಟಿ.)

“ಮಗು ಆಟಿಕೆ ಅಪ್ಪ. ಕೆಳಗೆ ಬಿತ್ತು.”

ಅವರ ಮಂಚ ಕಿರುಗುಟ್ಟಿತು. ಆಮೇಲೆ, “ಡಿ ತಂತಿ ಇರೋ ಆಟಿಕೆ ಯಾವಾಗ ತಂದೆ?”

ನಿದ್ದೆ ಹೋದವಳ ಹಾಗೆ ಜೋರಾಗಿ ಉಸಿರಾಡಿದೆ. ನಲವತ್ತು ವರ್ಷ ಗಿಟಾರ್ ಮಾಡಿದ ಮನುಷ್ಯನಿಗೆ ಹೇಳುವ ಸುಳ್ಳೇ ಅದು?

ಮಾರ್ಚ್ 4, ಮಧ್ಯಾಹ್ನ 1.30

ಇಸಾಯ್ ಮಲಗಿದ್ದಾಳೆ. ಅಪ್ಪ ಚರ್ಚಿಗೆ ಹೋಗಿದ್ದಾರೆ. ಆದದ್ದನ್ನು ಆದ ಹಾಗೆಯೇ ಒಮ್ಮೆ ಬರೆದುಬಿಡುತ್ತೇನೆ.

ಹೋದ ವರ್ಷ ಇದೇ ತಿಂಗಳ ಹದಿನೈದಕ್ಕೆ ಅಮ್ಮ ಹೋದಳು. ನಾನು ಆಗ ನಾಲ್ಕು ತಿಂಗಳ ಬಸುರಿ. ಒಂಬತ್ತು ರಾತ್ರಿಗಳ ಪ್ರಾರ್ಥನೆ ಮುಗಿದ ಮೇಲೆ ಅಪ್ಪ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ವರ್ಷ ತುಂಬಿ ಸಾವಿನ ಕಪ್ಪು ತೆಗೆಯುವ ದಿನವೇ ಮತ್ತೆ ತೆರೆಯುವುದು, ಮೊದಲ ಹಾಡು ಅಮ್ಮನಿಗೆ, ಅವರ ಫೆಲಿಸಾಳಿಗೆ ಅಂತ ಹರಕೆ. ದುಃಖದ ಗುರುತಿಗೆ ಚುಚ್ಚಿಕೊಂಡ ಚಿಕ್ಕ ಕಪ್ಪು ಗುಂಡಿ ಇನ್ನೂ ಅವರ ಜೇಬಿನ ಮೇಲಿದೆ. ನನ್ನದು ತೊಟ್ಟಿಲ ಬಟ್ಟೆಯಲ್ಲೆಲ್ಲೋ ಕಳೆಯಿತು. ಅದನ್ನೂ ಹೇಳಿಲ್ಲ.

ಫೆಬ್ರವರಿಯಲ್ಲಿ ಅಪ್ಪ ಸಮುದ್ರದಾಚೆಯ ಬೊಹೋಲಿಗೆ ಹೋದರು, ಸೋದರತ್ತೆಯ ಮನೆಗೆ, ಹತ್ತು ದಿನ. ಪೆಟ್ಟಿಗೆಯಿಂದ ಬೂಷ್ಟಿನ ವಾಸನೆ ಬರುತ್ತಿತ್ತು. ಮಗುವಿಗೆ ಕೆಮ್ಮು ಬಂದೀತೆಂಬ ಭಯ. (ನನಗೆ ಎಲ್ಲದಕ್ಕೂ ಭಯ.) ಗಿಟಾರನ್ನು ತೆಗೆದು ಗಾಳಿಯಾಡಲೆಂದು ಕಿಟಕಿಗೆ ಒರಗಿಸಿದೆ. ಅಷ್ಟರಲ್ಲಿ ಇಸಾಯ್ ವಾಂತಿ ಮಾಡಿಕೊಂಡಳು. ಮರೆತೆ. ಮೂರು ಗಂಟೆ ಬಿಸಿಲು. ಬಂದು ನೋಡಿದರೆ ತಂತಿ ಹಿಡಿಯುವ ಮರದ ಪಟ್ಟಿ, ಬ್ರಿಜ್, ಮೈಬಿಟ್ಟು ಎದ್ದಿತ್ತು, ಒಡೆದ ತುಟಿಯ ಹಾಗೆ.

ನಮ್ಮೂರು ಅಬುನೊದಲ್ಲಿ ಮನೆ ಬಿಟ್ಟರೆ ಗಿಟಾರ್ ಶೆಡ್, ಶೆಡ್ ಬಿಟ್ಟರೆ ಮನೆ. ಎರಡನೇ ಓಣಿಯಲ್ಲೇ ಇನ್ಸೊಯ್ ಇದ್ದಾನೆ, ಅಪ್ಪನ ಜೊತೆ ಕೆಲಸ ಕಲಿತವನು, ನನಗೆ ಚಿಕ್ಕಂದಿನಿಂದ ನೊಂಗ್, ಅಂದರೆ ಅಣ್ಣ. ಆದರೆ ಇನ್ಸೊಯ್‌ಗೆ ಬೆಳಿಗ್ಗೆ ಗೊತ್ತಾದದ್ದು ಸಂಜೆಗೆ ಬೊಹೋಲಿಗೂ ಗೊತ್ತಾಗುತ್ತದೆ. ಅದಕ್ಕೇ ಸೇತುವೆ ದಾಟಿ ಸಿಟಿಗೆ ಹೋದೆ, ಮಾಲ್ ಹತ್ತಿರದ ಅಂಗಡಿಗೆ. ಈ ಊರಿನ ಗಿಟಾರನ್ನು ರಿಪೇರಿಗೆ ಸೇತುವೆ ದಾಟಿಸಿದವಳು ನಾನೊಬ್ಬಳೇ ಇರಬೇಕು.

ಅಂಗಡಿಯ ವೆಂಡೆಲ್, “ಎಲ್ಲಾ ಹಳೇದಾಗಿದೆ ಮೇಡಂ. ತಂತಿ ಬಿಗಿಯೋ ಕಿವಿ ತುಕ್ಕು, ಬ್ರಿಜ್ ಮೇಲಿನ ಪಟ್ಟಿಗೆ ಗೀರು ಬಿದ್ದಿದೆ. ಹೊಸದು ಹಾಕಿಬಿಡ್ತೀನಿ, ಹೊಸಾ ಗಿಟಾರ್ ಥರ ಆಗುತ್ತೆ” ಅಂದ. ಫಾರ್ಮ್ ಕೊಟ್ಟ. ‘ಹಳೆಯ ಭಾಗಗಳು ಬೇಕು / ಬೇಡ.’ ಇಸಾಯ್ ಕಿರುಚುತ್ತಿದ್ದಳು. ಓದದೆ ‘ಬೇಡ’ಕ್ಕೆ ಟಿಕ್ ಹಾಕಿದೆ. ಅಪ್ಪ ಬರುವ ಹಿಂದಿನ ದಿನ ಗಿಟಾರನ್ನು ತಂದು, ನುಡಿಸಿಯೂ ನೋಡದೆ ಪೆಟ್ಟಿಗೆಗೆ ಸೇರಿಸಿದೆ.

ಮಾರ್ಚ್ 7, ಬೆಳಿಗ್ಗೆ 10

ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ನುಡಿಸಿ ನೋಡಿದೆ. ನಾಲ್ಕನೇ ತಂತಿ ಗುಂಯ್‌ಗುಡುತ್ತದೆ, ಬಾಟಲಿಯೊಳಗಿನ ನೊಣದ ಹಾಗೆ. ಹೊಸ ಪಟ್ಟಿ ಪ್ಲಾಸ್ಟಿಕ್, ಅದು ಕೂರುವ ಕಚ್ಚಿಗಿಂತ ತೆಳು, ಬೆರಳಿಟ್ಟರೆ ಅಲುಗುತ್ತದೆ. ಹೊಸ ಕಿವಿಗಳ ಸ್ಕ್ರೂ ಹಳೆಯ ತೂತಿಗೆ ಕೂತಿಲ್ಲ. ಪಕ್ಕದಲ್ಲೇ ಮತ್ತೊಂದು ತೂತು ಕೊರೆದಿದ್ದಾರೆ. ಮರ ಸೀಳಿದೆ. ಕಿವಿ ಜಾರುತ್ತಿರುವುದು ಅದಕ್ಕೇ.

ಅಂಗಡಿಗೆ ಫೋನ್. “ಹೊಸ ಪಾರ್ಟ್ಸ್ ಅಲ್ವಾ ಮೇಡಂ, ಸೆಟ್ ಆಗೋಕೆ ಟೈಮ್ ತಗೊಳುತ್ತೆ.” ಮನೆಗೆ ಬಂದ ಹೊಸ ಅಳಿಯನ ವಿಷಯ ಮಾತಾಡುವ ಹಾಗೆ.

ಅಂಗಳದಲ್ಲಿ ಅಪ್ಪ ಬೆಂಚಿನ ಮೇಲೆ ಕೂತು ತೊಡೆಯ ಮೇಲೇ ಬೆರಳಾಡಿಸುತ್ತಿದ್ದರು. ಹಾಡು ಮರೆತುಹೋಗದ ಹಾಗೆ. ಎಂಟು ದಿನ ಉಳಿದಿದೆ.

ಮಾರ್ಚ್ 8

ಇಸಾಯ್‌ಗೆ ಜ್ವರ. 39 ಡಿಗ್ರಿ.

ಮಾರ್ಚ್ 12, ಸಂಜೆ 6

ಜ್ವರ ನಿನ್ನೆ ಇಳಿಯಿತು. ನಾಲ್ಕು ದಿನ ಏನು ತಿಂದೆ, ನೆನಪಿಲ್ಲ.

ಇವತ್ತು ಧೈರ್ಯ ಮಾಡಿದೆ. ಗಿಟಾರನ್ನು ಮಗುವಿನ ಹೊದಿಕೆಯಲ್ಲಿ ಸುತ್ತಿ ಇನ್ಸೊಯ್ ಶೆಡ್ಡಿಗೆ ಒಯ್ದೆ. ಖಾಲಿ ಪೆಟ್ಟಿಗೆಯಲ್ಲಿ ವರ್ಷದ ಪ್ರಾರ್ಥನೆಗೆ ಬಿಕೊ ಸಿಹಿ ಮಾಡಲು ತಂದ ಅಂಟಕ್ಕಿಯ ಚೀಲ ಇಟ್ಟೆ. ತೂಕಕ್ಕೆ.

ಅವನು ಗಿಟಾರನ್ನು ತಿರುಗಿಸಿ ತಿರುಗಿಸಿ ನೋಡಿದ. “ಯಾವನಮ್ಮ ಇವನು? ಹಲ್ಲಿನ ಡಾಕ್ಟ್ರಾ? ಇದನ್ನ ಸೇತುವೆ ದಾಟಿಸಿದ್ಯಾ? ನಾನೇನು ಸತ್ತಿದ್ನಾ?”

“ನೀನು ಅಪ್ಪಂಗೆ ಹೇಳ್ತಿದ್ದೆ, ನೊಂಗ್.”

“ಹೇಳ್ತಿದ್ದೆ,” ಅಂದ. ನಕ್ಕ. ನಂತರ ಪ್ಲಾಸ್ಟಿಕ್ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ ತೆಗೆದ. ನಗು ನಿಂತಿತು.

“ಕಿವಿ ಬಿಡು, ನನ್ನತ್ರ ಹಳೇ ಜೊತೆ ಇದೆ. ಸೀಳಿಗೆ ಮರದ ಮೊಳೆ ಹೊಡೀತೀನಿ. ಇಲ್ಲಿದ್ದ ಕರೀ ಪಟ್ಟಿ ಎಲ್ಲಿ?”

“ಅವರೇ ಇಟ್ಕೊಂಡ್ರು. ಗೀರು ಬಿದ್ದಿತ್ತಂತೆ. ಇನ್ನೊಂದು ಎಲುಬಿಂದು ಮಾಡಲ್ವಾ ನೀನು?”

“ಎಲುಬಲ್ಲ ಅದು, ಇಂದಾಯ್. ಎಮ್ಮೆ ಕೊಂಬು. ನಿಮ್ಮಮ್ಮನ ಬಾಚಣಿಗೆ. ಹಲ್ಲು ಕತ್ತರಿಸಿ, ಬೆನ್ನು ಮಾತ್ರ ಉಳಿಸಿಕೊಂಡು, ಒಂಬತ್ತು ರಾತ್ರಿ ಕೂತು ಉಜ್ಜಿದ ನಿಮ್ಮಪ್ಪ. ನಿಂಗೆ ಹೇಳಿಲ್ವಾ?”

ಹೇಳಿಲ್ಲ. ಆದರೆ ಕೇಳಿಸಿತ್ತು ನನಗೆ. ಹಿಂದಿನ ಕೋಣೆಯಲ್ಲಿ ಕರ್... ಕರ್... ಅಂತ ಅರದ ಸದ್ದು. ಮುಂದೆ ಹೆಂಗಸರು ಜಪಮಣಿ ಹಿಡಿದು ಕೂತಿದ್ದರು. ನಾನು ಎದ್ದುಹೋಗಿ ಬಾಗಿಲಲ್ಲಿ ನಿಂತು, “ಅಪ್ಪ, ಅಮ್ಮನಿಗಾಗಿ ಜನ ಪ್ರಾರ್ಥನೆ ಮಾಡ್ತಿದ್ದಾರೆ, ನಿಮಗೆ ಕೆಲಸ ಹೆಚ್ಚಾಯ್ತಾ?” ಅಂದಿದ್ದೆ. ಅವರು ಅರ ಕೆಳಗಿಟ್ಟು, “ಇನ್ನು ಸ್ವಲ್ಪ ಇದೆ, ಮಗಳೆ” ಅಂದಿದ್ದರು. ಅಷ್ಟೇ.

ಆ ಬಾಚಣಿಗೆಯಿಂದ ಅಮ್ಮ ನನ್ನ ತಲೆ ಬಾಚುತ್ತಿದ್ದಳು. ಎಳೆದು ಎಳೆದು. ಕೂಗುತ್ತಿದ್ದೆ.

ಮಾರ್ಚ್ 13, ಮಧ್ಯಾಹ್ನ 3, ಬಸ್ಸಿನಲ್ಲಿ

ಅಂಗಡಿಯಿಂದ ವಾಪಸ್. ಇಸಾಯ್ ತೊಡೆಯ ಮೇಲೆ. ಅಕ್ಷರ ಕುಣಿಯುತ್ತಿದೆ.

ವೆಂಡೆಲ್ ಫಾರ್ಮ್ ತೆಗೆದು ತೋರಿಸಿದ. ನನ್ನದೇ ಟಿಕ್. ಜಗಳವಾಡಲು ನನ್ನ ಬಳಿ ಏನೂ ಇರಲಿಲ್ಲ. ಅತ್ತುಬಿಟ್ಟೆ. ಗಾಬರಿಯಾಗಿ ಸ್ಟೂಲ್ ಕೊಟ್ಟ, ನೀರು ಕೊಟ್ಟ.

“ಬಿಸಾಕಿಲ್ಲ ಮೇಡಂ. ಒಳ್ಳೇ ಕೊಂಬು, ಹಾಗೇ ಬಿಸಾಕೋಕೆ ಮನಸ್ಸಾಗ್ಲಿಲ್ಲ. ಒಬ್ಬರು ಅಜ್ಜಿ ಉಕುಲೇಲೆ ತಂದಿದ್ರು, ಮೊಮ್ಮಗಳಿಗಂತೆ. ಅದಕ್ಕೆ ಕತ್ತರಿಸಿ ಹಾಕ್ದೆ.”

“ಕತ್ತರಿಸಿ?”

ಡ್ರಾಯರಿನಿಂದ ಉಳಿದ ತುಂಡು ತೆಗೆದುಕೊಟ್ಟ. ನನ್ನ ಕಿರುಬೆರಳ ಒಂದು ಗೆಣ್ಣಿನಷ್ಟು. ಅಂಚಿನಲ್ಲಿ ಹಲ್ಲು ಕತ್ತರಿಸಿದ ಮೂರು ಗುರುತು. ಮುಟ್ಟಿದರೆ ಈಗಲೂ ಗೊತ್ತಾಗುತ್ತದೆ.

ಉಕುಲೇಲೆ ಅಲ್ಲೇ ಇತ್ತು, ಗೋಡೆಗೆ ತೂಗುಹಾಕಿ. ನಾಲ್ಕು ತಂತಿಯ ಕೆಳಗೆ ಕರೀ ಗೆರೆ. ಕೈ ಚಾಚಿದೆ.

“ಮುಟ್ಟಬೇಡಿ ಮೇಡಂ. ಅವರ ಮಾಲು. ನಾಳೆ ಸಂಜೆ ಅವರ ಮನೆಕೆಲಸದವಳು ಬರ್ತಾಳೆ. ಅಜ್ಜಿ ಒಪ್ಪಿದ್ರೆ ಆ ಕ್ಷಣ ಬಿಚ್ಚಿ ಕೊಡ್ತೀನಿ.” ನನ್ನೆದುರೇ ಎರಡು ಸಲ ಫೋನ್ ಮಾಡಿದ. ಸ್ವಿಚ್ಡ್ ಆಫ್. ನಂಬರ್ ಮಾತ್ರ ಕೊಡಲಾರನಂತೆ. ಕೊಡಬಾರದು ಕೂಡ. ನಾನಾಗಿದ್ದರೂ ಕೊಡುತ್ತಿರಲಿಲ್ಲ.

ಮಾರ್ಚ್ 14, ಬೆಳಿಗ್ಗೆ 10

ಅಪ್ಪ ಕ್ಷೌರ ಮಾಡಿಸಿಕೊಂಡು ಬಂದರು. ಮಂಚದ ಕೆಳಗಿಂದ ಪೆಟ್ಟಿಗೆಯನ್ನು ಅರ್ಧ ಎಳೆದು, ಒದ್ದೆ ಬಟ್ಟೆಯಿಂದ ಒರೆಸಿದರು. ತೆರೆಯಲಿಲ್ಲ. ನಾನು ಬಾಗಿಲಿಗೆ ಅಂಟಿಕೊಂಡು ನಿಂತಿದ್ದೆ. ಒಳಗೆ ಅಂಟಕ್ಕಿ.

“ಎರಡು ರಾತ್ರಿಯಿಂದ ಸದ್ದೇ ಇಲ್ಲ,” ಅಂದರು.

“ಯಾವುದರದು ಅಪ್ಪ?”

“ನಿನ್ನ ಮಗಳ ಆಟಿಕೇದು.” ನನ್ನ ಮುಖ ನೋಡಲಿಲ್ಲ. ಬಟ್ಟೆ ಹಿಂಡಿದರು. “ನಾಳೆ ಹತ್ತಿರ ಕೂತ್ಕೊ. ಇಸಾಯ್‌ನೂ ಕೂರಿಸ್ಕೊ. ಹಾಡು ಮುಗಿದ ಮೇಲೆ ನಿಮ್ಮಿಬ್ಬರಿಗೂ ಒಂದು ವಿಷಯ ತೋರಿಸ್ಬೇಕು. ವರ್ಷದಿಂದ ಇಟ್ಕೊಂಡಿದೀನಿ.”

ಆಗಲೇ ಹೇಳಿಬಿಡಬಹುದಿತ್ತು. ಬಾಯಿ ತೆರೆದೆ ಕೂಡ. “ಅಕ್ಕಿ ನೆನೆಸ್ಬೇಕು” ಅಂತ ಬಂತು.

ಇನ್ಸೊಯ್ ಹತ್ತಿರ ಓಡಿದೆ. ಅಂಗಡಿಯಲ್ಲಿ ಆದದ್ದನ್ನು ನಿನ್ನೆ ಸಂಜೆಯೇ ಅವನಿಗೆ ಹೇಳಿದ್ದೆ. ಗಿಟಾರ್ ಸಿದ್ಧ — ಕಿವಿ, ಸೀಳು, ಎಲ್ಲ. ಪಟ್ಟಿ ಕೂರುವ ಆ ಒಂದು ಕಚ್ಚು ಮಾತ್ರ ಖಾಲಿ. “ಎರಡು ತುಂಡೂ ತಂದ್ರೆ ಕೆಳಗೆ ಸಣ್ಣ ಪಟ್ಟಿ ಕೊಟ್ಟು ಜೋಡಿಸ್ತೀನಿ. ಕೀಲು ಕಾಣುತ್ತೆ, ಆದ್ರೆ ಹಾಡುತ್ತೆ. ಒಂದೇ ತಂದ್ರೆ ನಾನೇನು ದೇವ್ರಾ?” ಉಕುಲೇಲೆಗೆ ಬದಲಿ ಪಟ್ಟಿಯನ್ನು, ಬಿಳೀ ಎಲುಬಿನದು, ಆಗಲೇ ಉಜ್ಜಿ ಇಟ್ಟಿದ್ದ. “ತಗೊ. ಕೇಳೋಕೆ ಹೋಗೋಳು ಬರಿಗೈಲಿ ಹೋಗ್ಬೇಡ.”

ಅಪ್ಪನಿಗೆ ಹೇಳಿದೆಯಾ ಅಂತ ಕೇಳಿದೆ. “ನಲವತ್ತು ವರ್ಷದಲ್ಲಿ ಮೊದಲ್ನೇ ಸಲ ಬಾಯಿ ಮುಚ್ಕೊಂಡಿದೀನಿ, ಹೊಟ್ಟೆ ಉಬ್ಬರಿಸ್ತಿದೆ,” ಅಂದ.

ಮಾರ್ಚ್ 14, ಸಂಜೆ 5.20, ಅಂಗಡಿಯ ಕೌಂಟರ್

ಫೋನ್ ಇನ್ನೂ ಸ್ವಿಚ್ಡ್ ಆಫ್. ಉಕುಲೇಲೆಯ ಚೀಲದಲ್ಲಿ ಒಂದು ಚೀಟಿ ಇಡಲು ವೆಂಡೆಲ್ ಒಪ್ಪಿದ್ದಾನೆ. ಬೇರೆ ಕಾಗದ ಇಲ್ಲ. ಈ ಹಾಳೆಯನ್ನೇ ಹರಿದು ಕೊಡುತ್ತೇನೆ. ಇಸಾಯ್ ಪೆನ್ನು ಎಳೆಯುತ್ತಿದ್ದಾಳೆ...

ಅಮ್ಮಾ, ನೀವು ಯಾರೆಂದು ನನಗೆ ಗೊತ್ತಿಲ್ಲ. ನನ್ನ ಹೆಸರು ಜುವೆಲಿನ್. ಮೇಲಿನ ಸಾಲುಗಳನ್ನು ಬಿಟ್ಟುಬಿಡಿ, ಇಲ್ಲಿಂದ ಓದಿ. ನಿಮ್ಮ ಉಕುಲೇಲೆಯ ತಂತಿಗಳ ಕೆಳಗಿರುವ ಕರೀ ಪಟ್ಟಿ ನನ್ನ ತಾಯಿಯ ಬಾಚಣಿಗೆಯದು. ತಪ್ಪು ನಿಮ್ಮದಲ್ಲ, ಅಂಗಡಿಯವರದೂ ಅಲ್ಲ. ಬೇಡ ಅಂತ ಗುರುತು ಹಾಕಿದವಳು ನಾನು. ನಾಳೆ ಬೆಳಿಗ್ಗೆ ಆರಕ್ಕೆ ಅವಳ ವರ್ಷದ ಪ್ರಾರ್ಥನೆ. ಅಪ್ಪ ಪೆಟ್ಟಿಗೆ ತೆರೆಯುತ್ತಾರೆ. ಚೀಲದಲ್ಲಿ ಬಿಳೀ ಪಟ್ಟಿ ಇಟ್ಟಿದ್ದೇನೆ, ಅದು ನಿಮ್ಮ ಮೊಮ್ಮಗಳಿಗೆ. ಒಳ್ಳೆಯ ಕೈಯ ಕೆಲಸ. ಎಲ್ಲಿಗೆ ಕರೆದರೂ ನಾನೇ ಬರುತ್ತೇನೆ, ಬದಲಿಸುವವರನ್ನೂ ಕರೆತರುತ್ತೇನೆ, ಹತ್ತು ನಿಮಿಷ ಸಾಕು. ಕೊಡಲು ಮನಸ್ಸಿಲ್ಲದಿದ್ದರೂ ಸರಿ, ಅದನ್ನಾದರೂ ಹೇಳಿ. ಅಪ್ಪ ತೆರೆಯುವ ಮೊದಲು ನಾನೇ ಬಾಯಿಬಿಟ್ಟು ಹೇಳಬೇಕು. ಎಷ್ಟು ಹೊತ್ತಾದರೂ ಫೋನ್ ಮಾಡಿ, ನಾನು ಹೇಗೂ ನಿದ್ದೆ ಮಾಡುವುದಿಲ್ಲ. ಬೆಳಗಾಗುವ ಮುಂಚೆ, ದಯವಿಟ್ಟು. ನಂಬರ್ ಹಾಳೆಯ ಅಡಿಯಲ್ಲಿ ಮೊದಲೇ ಬರೆದಿದ್ದೇನೆ, ಮಗು ಕೈ ಎಳೆದು ಕೊನೆಯ ಅಂಕಿ ಕೆಟ್ಟಿದೆ, ಅದು ಏಳು, ಒಂದಲ್ಲ — ನಿಮ್ಮ ಮನೆಕೆಲಸದವಳು ಬಂದಳು, ಚೀಲ ಕೇಳುತ್ತಿದ್ದಾಳೆ — ಅಮ್ಮಾ, ಬೆಳಗಾಗುವ ಮುಂಚೆ ಒಂದೇ ಒಂದು ಸಲ