ಅವ್ವನ ಬಿಳಿ ಕಾಲುಚೀಲ

ಹಿಂಕ್ಲಿ, ೧೩ ಮೇ ೧೯೩೪, ಭಾನುವಾರ

ಅವ್ವನಿಗೆ ಗಂಜಿ ಕುಡಿಸಿ, ತಲೆ ಬಾಚಿದ್ದಾಯಿತು. ಇಂದು ನಮ್ಮ ಚಿಕ್ಕ ಚರ್ಚು, ಚಾಪೆಲ್ಲಿನ ವಾರ್ಷಿಕೋತ್ಸವ. ಹಾಡುವವರಿಗೆ ಎತ್ತರದ ವೇದಿಕೆ. ನನಗೆ ಮೊದಲ ಸಾಲು. ಊರೆಲ್ಲ ಕಾಲುಚೀಲ ಹೆಣೆಯುವವರೇ — ಮುಖಕ್ಕಿಂತ ಮೊದಲು ಕಣಕಾಲು ನೋಡುತ್ತಾರೆ. ನನ್ನವೆಲ್ಲ ತೇಪೆ. ಸಂದೂಕದ ತಳದಿಂದ ಅವ್ವನ ಬಿಳಿಯ ಜೋಡಿಯನ್ನು ತೆಗೆದೆ. ನುಣುಪಾದ ಲೈಲ್ ಹತ್ತಿನೂಲಿನದು. ತನ್ನ ಶವಕ್ಕೆ ತೊಡಿಸಲೆಂದು ಹನ್ನೊಂದು ವರ್ಷದಿಂದ ಕಾದಿರಿಸಿದ್ದು. ಒಂದು ಗಂಟೆಯ ಮಟ್ಟಿಗಷ್ಟೇ... ಕೇಳಲಿಲ್ಲ.

ಸಂಜೆ ೭

ವೇದಿಕೆಯ ಬೆಂಚಿನ ಮೊಳೆ ತಾಗಿತು. ಎಡಗಾಲಿನದು, ಬೆರಳಗಲ ಹರಿದಿದೆ.

೧೪ ಮೇ

ಮನೆಯಲ್ಲಿದ್ದ ಬಿಳಿ ದಾರದಿಂದ ಹೊಲಿದೆ. ಕಣ್ಣಿಗೆ ಕಾಣದು. ಅವ್ವನಿಗೆ ಹೇಗೂ ದೃಷ್ಟಿ ಮಂದ, ಎಂದುಕೊಂಡೆ. ಹಾಗೆ ಎಂದುಕೊಂಡುದಕ್ಕೆ ನಾಚಿಕೆ.

೯ ಜೂನ್

ಇನ್ನೊಂದು ವಾರ, ಎಂದರು ಡಾಕ್ಟರು. ಸತ್ತವರನ್ನು ಮೀಯಿಸಿ ಉಡಿಸುವ ಪಕ್ಕದ ಮನೆಯ ಆರ್ಟನ್ ಅಕ್ಕ ಬಂದರು. ಅವ್ವ ತಾನೇ ಸಂದೂಕ ತೆಗೆಸಿದಳು. ನಲವತ್ತು ವರ್ಷ ಕಾರ್ಖಾನೆಯಲ್ಲಿ ಹರುಕು ತಿದ್ದಿದವಳು. ಅಲ್ಲಿನ ರೂಢಿಯಂತೆ ಕಾಲುಚೀಲದೊಳಗೆ ಮುಷ್ಟಿ ತೂರಿಸಿ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಸವರಿದಳು. ಬೆರಳು ನಿಂತಿತು.

ಆರ್ಟನ್ ಅಕ್ಕ ಬಾಗಿ ನೋಡಿ ನಕ್ಕರು. “ಅಯ್ಯೋ, ಊರೋರ ಹರಕನ್ನೆಲ್ಲ ಮುಚ್ಚಿ, ನೀನು ಮಾತ್ರ ತೇಪೆ ಹಾಕ್ಕೊಂಡು ದೇವರ ಹತ್ರ ಹೋಗ್ತೀಯೇನೇ?”

“ನಾನೇ ಹೊಲಿದಿದ್ದು ಕಣೇ,” ಎಂದಳು ಅವ್ವ. “ಸಂದೂಕದ ಮೊಳೆ ತಾಗಿತ್ತು.”



ಅವರು ಹೋದ ಮೇಲೆ ಅವ್ವ ಅಂದಳು: “ಈ ದಾರ ಬೆಂಕಿ ಕಂಡಿಲ್ಲ, ಹೆಟ್ಟಿ. ಜುಂಗು ಬೆರಳಿಗೆ ಹತ್ತುತ್ತೆ. ಲೈಲ್ ನೂಲಿನ ಜುಂಗನ್ನ ಜ್ವಾಲೇಲಿ ಸುಟ್ಟಿರ್ತಾರೆ, ಮರೆತ್ಯಾ?”

ತಲೆ ತಗ್ಗಿಸಿದೆ.

ಅವ್ವ ಕಾಲುಚೀಲ ಮಡಿಸಿ ಕೇಳಿದಳು: “ಚೆನ್ನಾಗಿ ಹಾಡಿದ್ಯಾ?”

೧೫ ಜೂನ್

ಬೆಳಗ್ಗೆ ಅವ್ವ ಹೋದಳು.

ಆರ್ಟನ್ ಅಕ್ಕ ತೊಡಿಸಿದರು. ಎಡಗಾಲಿನ ಹೊಲಿಗೆಯನ್ನು ನೆರೆದ ಹೆಂಗಸರಿಗೆಲ್ಲ ತೋರಿಸಿದರು. “ಕಣ್ಣಿಲ್ದೇ ಹೊಲಿದಿದಾಳೆ, ನೋಡ್ರೇ! ಸ್ವಲ್ಪ ಒರಟು. ಪಾಪ, ಕೊನೇಲಿ ಕೈ ಸೋತಿತ್ತು.”

ಅವ್ವನ ಕೈ ಸೋತಿತ್ತಂತೆ. ಎದ್ದು ನಿಂತೆ. “ಆರ್ಟನ್ ಅಕ್ಕ, ಆ ಹೊಲಿಗೆ...” ಎಲ್ಲರೂ ತಿರುಗಿದರು.

“ಹೌದು,” ಎಂದೆ, “ಕೈ ಸೋತಿತ್ತು.”

೧೮ ಜೂನ್, ಬೆಳಗ್ಗೆ ೯

ಕೆಳಗೆ ಬಡಗಿ ಬಂದಿದ್ದಾನೆ, ಶವಪೆಟ್ಟಿಗೆಗೆ ಮುಚ್ಚಳ ಹಾಕಲು. ಆರ್ಟನ್ ಅಕ್ಕನೂ ಇದ್ದಾರೆ, ಹೆಂಗಸರೂ. ಇನ್ನೂ ಹೊತ್ತಿದೆ. ಇಳಿದು ಹೋಗಿ ಎಲ್ಲರೆದುರು ಹೇಳುತ್ತೇನೆ — ಆ ಒರಟು ಹೊಲಿಗೆ ಅವ್ವನ ಕೈಯದಲ್ಲ, ಅದು

ಮೊದಲ ಮೊಳೆಯ ಸದ್ದು...