ರಿಂಗಿನ ಕೆಳಗಿನ ಸುಣ್ಣದ ಗೆರೆ

ವಿರೂಪಾಕ್ಷ,

ಅಬ್ಬಿಗೆರೆಯ ನಿನ್ನ ವಿಳಾಸ ನನ್ನ ಹತ್ತಿರ ಇದೆ. ಆದರೂ ಇದನ್ನು ಕಳಿಸುವುದಿಲ್ಲ. ಹನ್ನೆರಡು ವರ್ಷ ಬಾಯಿ ಬಿಡದ ಕೋಚ್ ಈಗ ಬರೆದರೆ ನೀನು ಯಾಕಾದರೂ ಓದಬೇಕು?

ಇವತ್ತು ಬೆಳಿಗ್ಗೆ ಯಲಹಂಕದಲ್ಲಿ ಒಂದು ವೃತ್ತಿಪರ ಬಾಸ್ಕೆಟ್‌ಬಾಲ್ ತಂಡದ ಆಯ್ಕೆ ಪಂದ್ಯ ಇತ್ತು. ನನ್ನ ಶಿಷ್ಯ ಹಮ್ಜಾ ಆಡಿದ; ಅವನ ಕಡೆಯ ಬೆಂಚಿನಲ್ಲಿ ಕೋಚ್ ಆಗಿ ನಾನೇ ಇದ್ದೆ. ಆರು ಅಡಿ ಒಂಬತ್ತು ಇಂಚು, ನಿನಗಿಂತ ಒಂದಿಂಚು ಹೆಚ್ಚು. ನಿನ್ನ ಕಾಲದಲ್ಲಿ ನಾನು ರಿಂಗಿನ ಕೆಳಗೆ ಸುಣ್ಣದ ಗೆರೆ ಎಳೆದು, ಎತ್ತರದವರು ಅದನ್ನು ದಾಟಿ ರಿಂಗಿನಿಂದ ದೂರ ಹೋಗಬಾರದು ಎನ್ನುತ್ತಿದ್ದೆ. ಚೆಂಡು ಸಿಕ್ಕರೆ ಕುಳ್ಳರಿಗೆ ಕೊಟ್ಟುಬಿಡಬೇಕು, ಅಷ್ಟೇ. ಈಗ ಎಲ್ಲ ತಂಡಗಳೂ ಹುಡುಕುವುದು ಡ್ರಿಬಲ್ ಮಾಡುವ, ದೂರದಿಂದ ಎಸೆಯುವ ಎತ್ತರದವರನ್ನೇ.

ಹಮ್ಜಾ ಮೂರು ಪಾಯಿಂಟ್ ಗೆರೆಯ ಆಚೆಯಿಂದ ಎಸೆದ. ತಪ್ಪಿತು. ನನ್ನ ಕೈ ತಾನಾಗಿ ಮೇಲೆದ್ದಿತು. ಆ ಕೈ ನಿನಗೆ ಗೊತ್ತು. ಯಶವಂತಪುರದ ಫೈನಲ್‌ನಲ್ಲಿ ನೀನು ಹೀಗೇ ದೂರದಿಂದ ಎಸೆದು ತಪ್ಪಿದಾಗ ಅದನ್ನೇ ಎತ್ತಿ ನಿನ್ನನ್ನು ಹೊರಗೆ ಕರೆದಿದ್ದೆ. ನೀನು ಬೆಂಚಿಗೆ ಬರಲಿಲ್ಲ, ನೇರ ಗೇಟಿನ ಕಡೆ ನಡೆದೆ.

ಹಮ್ಜಾ ಆಗಲೇ ಬೆಂಚಿನತ್ತ ಹೆಜ್ಜೆ ಹಾಕಿದ್ದ.

“ಯಾಕೋ ಬರ್ತಿದ್ದೀಯ? ಅಲ್ಲೇ ಇರು. ಇನ್ನೊಂದ್ ಹೊಡಿ,” ಅಂದೆ.

“ಮತ್ತೆ ಮಿಸ್ ಆದ್ರೆ, ಸಾರ್?”

“ಮತ್ತೊಂದ್ ಹೊಡಿ.”

ಇನ್ನೆರಡು ತಪ್ಪಿದವು. ನಾಲ್ಕನೆಯದು ರಿಂಗನ್ನೂ ಮುಟ್ಟದೆ ಬಲೆಯೊಳಗೆ ಇಳಿಯಿತು. ಪಂದ್ಯ ಮುಗಿಯುವವರೆಗೂ ನಾನು ಆ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಇನ್ನು ಮುಂದೆಯೂ ಅದರ ಜಾಗ ಅಲ್ಲೇ.